ಮನೆಯಲ್ಲೇ ಕಟ್ಟಿದ ಟೆನ್ಸ್ ಯಂತ್ರ: ಬ್ಯಾಟರಿ ನಿಲ್ಲಲ್ಲ, ಒಂದೇ ಪ್ಯಾಡ್ ಚುಚ್ಚುತ್ತೆ, ಯಾಕೆ?

ಪ್ರಶ್ನೆ: ಸರ್, ನಾನು ಚಿತ್ತಾಪುರ ತಾಲೂಕಿನವನು. ಕಲಬುರಗಿಯಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಿದ್ದೇನೆ. ನಮ್ಮ ಆಯಿಗೆ (ಅಜ್ಜಿಗೆ) ಎರಡೂ ಮೊಣಕಾಲು ನೋವು. ಫಿಸಿಯೋಥೆರಪಿಯಲ್ಲಿ ಟೆನ್ಸ್ (ಚರ್ಮಕ್ಕೆ ಪ್ಯಾಡ್ ಅಂಟಿಸಿ ಸಣ್ಣ ಕರೆಂಟ್ ಪಲ್ಸ್ ಕೊಟ್ಟು ನೋವು ತಗ್ಗಿಸುವ ಯಂತ್ರ) ಹಚ್ಚಿದರೆ ಆರಾಮ ಅನ್ನುತ್ತಾಳೆ. ದಿನಾ ಕಲಬುರಗಿಗೆ ಕರೆದುಕೊಂಡು ಬರೋಕೆ ಆಗಲ್ಲ. ಅದಕ್ಕೆ ನಾನೇ ಒಂದು ಮಾಡಿದೆ. 555 ಐಸಿ (ಪಲ್ಸ್ ಹುಟ್ಟಿಸುವ ಟೈಮರ್ ಚಿಪ್), 2.2ಕೆ ಮತ್ತು 82ಕೆ ರೆಸಿಸ್ಟರ್, 0.1 ಮೈಕ್ರೋಫ್ಯಾರಡ್ ಕೆಪಾಸಿಟರ್, ಬಿಸಿ547 ಟ್ರಾನ್ಸಿಸ್ಟರ್. 12-0-12 ಟ್ರಾನ್ಸ್‌ಫಾರ್ಮರ್ ಉಲ್ಟಾ ಹಾಕಿ ಒಂದು 12 ವೋಲ್ಟ್ ಭಾಗ ಮಾತ್ರ ಬಳಸಿದ್ದೇನೆ. ಔಟ್‌ಪುಟ್‌ನಲ್ಲಿ 1ಎನ್4007 ಡಯೋಡ್ ಇದೆ. ಔಟ್‌ಪುಟ್‌ನ ಒಂದು ತುದಿಯನ್ನು ಮೈನಸ್‌ಗೆ ಕೂಡಿಸಿದ್ದೇನೆ. 9 ವೋಲ್ಟ್ ಬ್ಯಾಟರಿ ಅರ್ಧ ಗಂಟೆಯೂ ಬರಲ್ಲ. ಟ್ರಾನ್ಸ್‌ಫಾರ್ಮರ್ ಬಿಸಿಯಾಗುತ್ತೆ. ಟ್ರಾನ್ಸಿಸ್ಟರ್ ಎರಡು ಸಲ ಹೋಯಿತು. ಒಂದು ಪ್ಯಾಡ್ ಮಾತ್ರ ಚುಚ್ಚುತ್ತೆ, ಕೆಳಗೆ ಕೆಂಪು ಚುಕ್ಕಿ ಏಳುತ್ತೆ. ಪ್ಯಾಡ್ ಬಿಟ್ಟು ಮತ್ತೆ ತಗುಲಿದರೆ ಜೋರಾಗಿ ಹೊಡೆಯುತ್ತೆ. ಮೀಟರ್‌ನಲ್ಲಿ ರೀಡಿಂಗ್ ನಿಲ್ಲೋದೇ ಇಲ್ಲ. ಬ್ಯಾಟರಿ ಬೇಡ ಅಂತ 9 ವೋಲ್ಟ್ ಅಡಾಪ್ಟರ್ ಹಾಕಿದರೆ ಸ್ವಿಚ್ ಆಫ್ ಇದ್ದರೂ ಜುಮು ಜುಮು ಅನ್ನುತ್ತೆ. ಇದನ್ನು ಆಯಿಗೆ ಹಚ್ಚಬಹುದಾ? ಊರಲ್ಲಿ ಇನ್ನೂ ಕೆಲವರು ಕೇಳುತ್ತಿದ್ದಾರೆ, ಮಾಡಿ ಕೊಡಲಾ?

ಉತ್ತರ: ಮೊದಲು ಆ ಅಡಾಪ್ಟರ್ ತೆಗೆದು ಪಕ್ಕಕ್ಕಿಡಿ. ಉಳಿದದ್ದು ಆಮೇಲೆ ಮಾತಾಡೋಣ. ನೀವು ಬರೆದ ತೊಂದರೆಗಳಲ್ಲಿ ಜೀವಕ್ಕೆ ಕುತ್ತು ತರುವುದು ಅದೊಂದೇ. ಮಿಕ್ಕವೆಲ್ಲ ಬ್ಯಾಟರಿ ದಂಡ, ಪಾರ್ಟ್ ದಂಡ, ಚರ್ಮ ಚುರುಗುಟ್ಟುವುದು, ಅಷ್ಟೇ.

ಅಡಾಪ್ಟರ್ ಬಿಚ್ಚಿ ನೋಡಿದರೆ 230 ವೋಲ್ಟ್ ಕಡೆಗೂ 9 ವೋಲ್ಟ್ ಕಡೆಗೂ ನಡುವೆ ಒಂದು ಸಣ್ಣ ಬಿಲ್ಲೆ ಕೆಪಾಸಿಟರ್ ಸೇತುವೆ ಹಾಕಿರುತ್ತದೆ. ಸಾಮಾನ್ಯವಾಗಿ ನೀಲಿ ಬಣ್ಣದ್ದು. ವೈ ಕೆಪಾಸಿಟರ್ ಅನ್ನುತ್ತಾರೆ. ರೇಡಿಯೋದಲ್ಲಿ ಗರಗರ ಬರದಿರಲಿ ಎಂದು ಹಾಕಿರುತ್ತಾರೆ. ಅದರ ಮೂಲಕ ಸದಾ ಒಂಚೂರು ಮೇನ್ಸ್ ಕರೆಂಟ್ ಈಚೆಗೆ ಸೋರುತ್ತಿರುತ್ತದೆ. ಚಾರ್ಜಿಗೆ ಹಾಕಿದ ಲ್ಯಾಪ್‌ಟಾಪ್‌ನ ಲೋಹದ ಮೈ ಸವರಿದಾಗ ಜುಮ್ಮೆನ್ನುತ್ತದಲ್ಲ, ಅದೇ ಇದು. ನಿಮ್ಮ ಸ್ವಿಚ್ ಪ್ಲಸ್ ಲೈನಿನಲ್ಲಿ ಇರಬೇಕು. ಮೈನಸ್ ಹಾಗೇ ಕೂಡಿಕೊಂಡಿರುತ್ತದೆ. ಆ ಮೈನಸ್‌ಗೆ ನೀವು ಔಟ್‌ಪುಟ್‌ನ ಒಂದು ತುದಿ ಬೆಸುಗೆ ಹಾಕಿದ್ದೀರಿ. ಅಲ್ಲಿಗೆ ದಾರಿ ಪೂರ್ತಿಯಾಯಿತು: ಅಡಾಪ್ಟರ್, ಮೈನಸ್, ಪ್ಯಾಡ್, ಮೈ, ನೆಲ. ಸ್ವಿಚ್ ಆಫ್ ಇದ್ದರೇನು, ಆನ್ ಇದ್ದರೇನು?

ಸೋರುವುದು ಸ್ವಲ್ಪವೇ ಅಲ್ವಾ ಅನ್ನಬಹುದು. ಕೆಪಾಸಿಟರ್ ಗಟ್ಟಿಯಾಗಿರುವ ತನಕ ಹೌದು. ಅಗ್ಗದ ಅಡಾಪ್ಟರ್‌ಗಳಲ್ಲಿ ಆ ಜಾಗದಲ್ಲಿ ಸಾದಾ ಸೆರಾಮಿಕ್ ಬಿಲ್ಲೆ ಹಾಕಿ ಕೈ ತೊಳೆದುಕೊಂಡಿರುತ್ತಾರೆ. ಅದು ಶಾರ್ಟ್ ಆದ ದಿನ 230 ವೋಲ್ಟ್ ನೇರ ಪ್ಯಾಡ್‌ಗೆ ಬರುತ್ತದೆ. ಒಣ ಚರ್ಮಕ್ಕೆ ಇರುವ ತಡೆಯನ್ನು ಜೆಲ್ ಪ್ಯಾಡ್ ಮೊದಲೇ ಇಳಿಸಿಬಿಟ್ಟಿರುತ್ತದೆ. ಮೇಲಾಗಿ ನಮ್ಮ ಕಡೆ ಮನೆಗಳಲ್ಲಿ ಶಹಾಬಾದ್ ಕಲ್ಲಿನ ನೆಲ. ಈಗಷ್ಟೇ ಒರೆಸಿದ ಆ ನೆಲದ ಮೇಲೆ ಬರಿಗಾಲಲ್ಲಿ ಕೂತವರ ಮೊಣಕಾಲಿಗೆ ಇಂಥ ಯಂತ್ರ ಹಚ್ಚಿದರೆ ಏನಾದೀತು ಎಂದು ನಾನು ಬಿಡಿಸಿ ಹೇಳಬೇಕಿಲ್ಲ. ಮೀಟರ್ ಬೋರ್ಡ್ ಪಕ್ಕ ಕರೆಂಟ್ ಸೋರಿದರೆ ತಾನೇ ಕಡಿಯುವ 30 ಮಿಲಿಆಂಪ್ ಆರ್‌ಸಿಸಿಬಿ ಇದ್ದರೆ ಉಳಿಯಬಹುದು. ಹಳ್ಳಿ ಮನೆಗಳಲ್ಲಿ ಅದು ಎಷ್ಟು ಕಡೆ ಇದೆ?

ಮೈಗೆ ಹಚ್ಚುವ ಯಂತ್ರ ಕಟ್ಟುವಾಗ ಪ್ರತಿ ಪಾರ್ಟ್ ಮೇಲೂ ಬೆರಳಿಟ್ಟು ಒಂದೇ ಪ್ರಶ್ನೆ ಕೇಳಬೇಕು: ಇದು ಕೆಟ್ಟರೆ ಚರ್ಮಕ್ಕೆ ಏನು ಬರುತ್ತದೆ? ಟಿವಿಯಲ್ಲಿ, ಮಿಕ್ಸರ್‌ನಲ್ಲಿ ಈ ಪ್ರಶ್ನೆ ಇಷ್ಟು ಜೋರಾಗಿ ಏಳುವುದಿಲ್ಲ. ಕೆಟ್ಟರೆ ಕೆಟ್ಟಿತು, ರಿಪೇರಿ ಮಾಡಿದರಾಯಿತು. ನಿಮ್ಮ ಸರ್ಕ್ಯೂಟ್‌ನಲ್ಲಿ 555 ಸತ್ತು ಔಟ್‌ಪುಟ್ ಮೇಲೆಯೇ ನಿಂತರೆ ಏನಾಗುತ್ತದೆ? ಪ್ರೈಮರಿಗೆ (ಬ್ಯಾಟರಿ ಕಡೆಯ ಸುತ್ತಿಗೆ) ಬರೀ ಡಿಸಿ ಹೋಗುತ್ತದೆ, ಟ್ರಾನ್ಸ್‌ಫಾರ್ಮರ್ ಡಿಸಿ ದಾಟಿಸುವುದಿಲ್ಲ, ಪ್ಯಾಡ್‌ನಲ್ಲಿ ಏನೂ ಇರಲ್ಲ. ಟ್ರಾನ್ಸಿಸ್ಟರ್ ಶಾರ್ಟ್ ಆದರೂ ಅದೇ ಕತೆ. ಬ್ಯಾಟರಿ ಬಿಸಿಯಾಗುತ್ತದೆ, ಅದಕ್ಕೊಂದು ಸಣ್ಣ ಫ್ಯೂಸ್ ಹಾಕಿದರೆ ಮುಗಿಯಿತು. ಅಂದರೆ ಬ್ಯಾಟರಿ ಮೇಲೆ ನಡೆಯುವ ತನಕ ನಿಮ್ಮ ವಿನ್ಯಾಸ ಕೆಡುವಾಗಲೂ ಮರ್ಯಾದೆಯಿಂದಲೇ ಕೆಡುತ್ತದೆ. ಅಡಾಪ್ಟರ್ ಬಂದ ಕೂಡಲೇ ಆ ಭರವಸೆ ಹೋಯಿತು. ಔಟ್‌ಪುಟ್ ಮತ್ತು ಮೈನಸ್ ನಡುವಿನ ಆ ಬೆಸುಗೆಯನ್ನೂ ಇವತ್ತೇ ಬಿಡಿಸಿ. ಔಟ್‌ಪುಟ್‌ನ ಎರಡೂ ತುದಿ ಯಾವುದಕ್ಕೂ ಕೂಡದೆ ಸ್ವತಂತ್ರವಾಗಿರಬೇಕು. ಮುಂದೆ ಚಾರ್ಜ್ ಮಾಡುವ ಲಿಥಿಯಂ ಸೆಲ್ ಹಾಕುವ ಆಸೆ ಇದ್ದರೆ ಎರಡು ಕಡೆ ತಿರುಗುವ ಚೇಂಜ್‌ಓವರ್ ಸ್ವಿಚ್ ಹಾಕಿ. ಒಂದು ಕಡೆ ಚಾರ್ಜ್, ಇನ್ನೊಂದು ಕಡೆ ಯಂತ್ರ. ಎರಡೂ ಒಟ್ಟಿಗೆ ಆಗುವ ಹಾಗೇ ಇರಬಾರದು.

ಈಗ ಬ್ಯಾಟರಿ ವಿಷಯಕ್ಕೆ ಬರೋಣ. ನಿಮ್ಮ ಅರ್ಧ ತೊಂದರೆಗಳ ಬೇರು ಇಲ್ಲೇ ಇದೆ.

555ರ ಮಾಮೂಲಿ ಆಸ್ಟೇಬಲ್ (ತಾನಾಗಿ ಆನ್-ಆಫ್ ಆಗುತ್ತಲೇ ಇರುವ) ಸರ್ಕ್ಯೂಟ್‌ನಲ್ಲಿ ಕೆಪಾಸಿಟರ್ ತುಂಬುವುದು ಎರಡೂ ರೆಸಿಸ್ಟರ್ ಮೂಲಕ, ಖಾಲಿಯಾಗುವುದು ಎರಡನೆಯದರ ಮೂಲಕ ಮಾತ್ರ. ಹಾಗಾಗಿ ಔಟ್‌ಪುಟ್ ಮೇಲಿರುವ ಹೊತ್ತು ಕೆಳಗಿರುವ ಹೊತ್ತಿಗಿಂತ ಯಾವತ್ತೂ ಜಾಸ್ತಿಯೇ. ನಿಮ್ಮ ಬೆಲೆಗಳನ್ನು ಹಾಕಿ ನೋಡಿ. ಕೆಳಗೆ 5.7 ಮಿಲಿಸೆಕೆಂಡ್, ಮೇಲೆ 5.8 ಮಿಲಿಸೆಕೆಂಡ್, ಸೆಕೆಂಡಿಗೆ ಸುಮಾರು 87 ಸಲ. ಸೆಕೆಂಡಿಗೆ ಎಷ್ಟು ಸಲ ಎಂಬುದು ಸರಿಯಾಗಿದೆ. ಆದರೆ ಅರ್ಧ ಹೊತ್ತು ಟ್ರಾನ್ಸಿಸ್ಟರ್ ಆನ್ ಆಗಿಯೇ ಕೂತಿರುತ್ತದೆ. ಟ್ರಾನ್ಸ್‌ಫಾರ್ಮರ್‌ನ ಒಂದೇ ಭಾಗಕ್ಕೆ ಅಷ್ಟು ಹೊತ್ತು 9 ವೋಲ್ಟ್ ಕೊಟ್ಟರೆ ಕೋರ್ ತುಂಬಿ ಹೋಗುವ ಅಂಚಿಗೆ ಬರುತ್ತದೆ. ಆಮೇಲೆ ಅದು ಟ್ರಾನ್ಸ್‌ಫಾರ್ಮರ್ ಅಲ್ಲ, ಬರೀ ತಾಮ್ರದ ತಂತಿ. ಕರೆಂಟ್ ಒಮ್ಮೆಲೇ ಏರುತ್ತದೆ. ಬಿಸಿ ಅದರಿಂದಲೇ, ಬ್ಯಾಟರಿ ಸಾಯುವುದೂ ಅದರಿಂದಲೇ. ಬಿಸಿ547 ತಡೆಯುವುದು 100 ಮಿಲಿಆಂಪ್. ಅದು ಹೋಗದೆ ಇನ್ನೇನು?

ನರಕ್ಕೆ ಅಷ್ಟು ಉದ್ದದ ಪಲ್ಸ್ ಬೇಕಾಗಿಯೂ ಇಲ್ಲ. ಫ್ರಾನ್ಸಿನ ಲೂಯಿ ಲಾಪಿಕ್ 1909ರ ಹೊತ್ತಿಗೇ ಇದನ್ನು ಅಳೆದು ತೋರಿಸಿದ್ದರು. ಪಲ್ಸ್ ಗಿಡ್ಡವಾದಷ್ಟೂ ನರವನ್ನು ಎಬ್ಬಿಸಲು ಕರೆಂಟ್ ಜಾಸ್ತಿ ಬೇಕು. ಉದ್ದ ಮಾಡುತ್ತ ಹೋದರೆ ಒಂದು ಹಂತದ ನಂತರ ಏನೂ ಲಾಭವಿಲ್ಲ. ಸ್ಪರ್ಶ ಒಯ್ಯುವ ದಪ್ಪ ನರಗಳು ಗಿಡ್ಡ ಪಲ್ಸ್‌ಗೇ ಏಳುತ್ತವೆ. ನೋವು ಒಯ್ಯುವ ಸಣ್ಣ ನರಗಳಿಗೆ ಉದ್ದ ಪಲ್ಸ್ ಅಥವಾ ಜಾಸ್ತಿ ಕರೆಂಟ್ ಬೇಕು. ಟೆನ್ಸ್ ನಿಂತಿರುವುದೇ ಈ ವ್ಯತ್ಯಾಸದ ಮೇಲೆ. ಕಾಲು ತಾಗಿಸಿಕೊಂಡ ಕೂಡಲೇ ಕೈ ತಾನಾಗಿ ಅಲ್ಲಿಗೆ ಹೋಗಿ ಉಜ್ಜುತ್ತದೆ ಅಲ್ವಾ? ಸ್ಪರ್ಶದ ಸಂದೇಶ ಬೆನ್ನುಹುರಿಯಲ್ಲಿ ನೋವಿನ ಸಂದೇಶಕ್ಕೆ ಬಾಗಿಲು ಓರೆ ಮಾಡುತ್ತದೆ ಎಂದು ಮೆಲ್ಜ್ಯಾಕ್ ಮತ್ತು ವಾಲ್ 1965ರಲ್ಲಿ ಹೇಳಿದರು. ಟೆನ್ಸ್ ಅಂದರೆ ಅದೇ ಉಜ್ಜುವಿಕೆ, ಕರೆಂಟ್‌ನಲ್ಲಿ. ಅದಕ್ಕೆ 50ರಿಂದ 250 ಮೈಕ್ರೋಸೆಕೆಂಡ್ ಪಲ್ಸ್ ಸಾಕು, ಸೆಕೆಂಡಿಗೆ 80ರಿಂದ 120 ಸಲ. ನೀವು ಕೊಡುತ್ತಿರುವುದು 5,800 ಮೈಕ್ರೋಸೆಕೆಂಡ್. ಅಂದರೆ ಯಾವ ನರಗಳನ್ನು ಸುಮ್ಮನಿರಿಸಬೇಕೋ ಅವನ್ನೇ ಎಬ್ಬಿಸುತ್ತಿದ್ದೀರಿ.

ಸರಿಪಡಿಸುವುದು ಸುಲಭ. 1ಎನ್4148 ಡಯೋಡ್ ಒಂದನ್ನು ಎರಡನೇ ರೆಸಿಸ್ಟರ್‌ಗೆ ಅಡ್ಡ ಹಾಕಿ. ಆನೋಡ್ 7ನೇ ಪಿನ್ ಕಡೆ, ಗೆರೆ ಇರುವ ಕ್ಯಾಥೋಡ್ 6 ಮತ್ತು 2ನೇ ಪಿನ್ ಕಡೆ. ಈಗ ಕೆಪಾಸಿಟರ್ ತುಂಬುವಾಗ ಎರಡನೇ ರೆಸಿಸ್ಟರ್ ಲೆಕ್ಕಕ್ಕೇ ಬರಲ್ಲ. ಮೊದಲನೆಯದು 2.2ಕೆ ಹಾಗೇ ಇರಲಿ. ಎರಡನೆಯದನ್ನು 82ಕೆ ಬದಲು 180ಕೆ ಮಾಡಿ. ಪುಸ್ತಕದ ಲೆಕ್ಕದಲ್ಲಿ ಪಲ್ಸ್ 152 ಮೈಕ್ರೋಸೆಕೆಂಡ್ ಬರುತ್ತದೆ. ನಿಜದಲ್ಲಿ ಡಯೋಡ್ 0.6 ವೋಲ್ಟ್ ತಿನ್ನುವುದರಿಂದ 180ರ ಹತ್ತಿರ ಹೋಗುತ್ತದೆ. ಲೆಕ್ಕ ತಪ್ಪಿತೆಂದು ತಲೆ ಕೆಡಿಸಿಕೊಳ್ಳಬೇಡಿ. ಎರಡು ಪಲ್ಸ್ ನಡುವಿನ ಅಂತರ 12.5 ಮಿಲಿಸೆಕೆಂಡ್, ಅಂದರೆ ಸೆಕೆಂಡಿಗೆ ಸುಮಾರು 79. 5ನೇ ಪಿನ್‌ನಿಂದ ಮೈನಸ್‌ಗೆ 0.01 ಮೈಕ್ರೋಫ್ಯಾರಡ್ ಹಾಕುವುದನ್ನು ಬಹಳ ಜನ ಬಿಡುತ್ತಾರೆ, ಆಮೇಲೆ ಪಲ್ಸ್ ನಡುಗುತ್ತದೆ ಅನ್ನುತ್ತಾರೆ. ಹಾಕಿ.

ಟ್ರಾನ್ಸಿಸ್ಟರ್ ಬಿಡಿ139 ಮಾಡಿ. ಅದು 1.5 ಆಂಪ್, 80 ವೋಲ್ಟ್ ತಡೆಯುತ್ತದೆ. ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಯಾವ ಬಿಡಿಭಾಗದ ಅಂಗಡಿಯಲ್ಲಿ ಕೇಳಿದರೂ ಸಿಗುವಂಥದ್ದು. ಬೇಸ್‌ಗೆ 330 ಓಮ್. ಟ್ರಾನ್ಸ್‌ಫಾರ್ಮರ್‌ನ ನಡುವಿನ ವೈರ್ ಬಿಟ್ಟುಬಿಡಿ, ಎರಡು ಕೊನೆಗಳನ್ನು ಬಳಸಿ. 24 ವೋಲ್ಟ್‌ಗೆ 230 ಅಂದರೆ ಸುಮಾರು 9.6 ಪಟ್ಟು. 9 ವೋಲ್ಟ್ ಬ್ಯಾಟರಿಗೆ 86 ವೋಲ್ಟ್ ಪೀಕ್ ಬರುತ್ತದೆ, ಮೊಣಕಾಲಿಗೆ ಸಾಕು. ನೀವು ಒಂದೇ ಭಾಗ ಬಳಸಿದ್ದರಿಂದ ಲೋಡ್ ಇಲ್ಲದಾಗ 170 ವೋಲ್ಟ್ ದಾಟುತ್ತಿತ್ತು. ಅದರ ಮೇಲೆ ಟ್ರಾನ್ಸಿಸ್ಟರ್ ಆಫ್ ಆಗುವಾಗ ಏಳುವ ವೋಲ್ಟೇಜ್ ಒದೆತ ಬೇರೆ. ಪ್ಯಾಡ್ ಬಿಟ್ಟು ತಗುಲಿದಾಗ ಜೋರಾಗಿ ಹೊಡೆಯುವುದಕ್ಕೆ ಮುಖ್ಯ ಕಾರಣ ಅದು. ಇನ್ನೊಂದು ಕಾರಣವೂ ಇದೆ. ಅರ್ಧ ಕಿತ್ತ ಪ್ಯಾಡ್‌ನ ಒಂದು ಮೂಲೆ ಮಾತ್ರ ತಗುಲಿದಾಗ ಪೂರ್ತಿ ಕರೆಂಟ್ ಆ ಬೆರಳಗಲ ಜಾಗದಲ್ಲೇ ಇಳಿಯುತ್ತದೆ.

ಇದಕ್ಕೆ ಔಟ್‌ಪುಟ್‌ಗೆ ಅಡ್ಡಲಾಗಿ ಪಿ6ಕೆಇ100ಸಿಎ ಎಂಬ ಎರಡು ದಿಕ್ಕಿನ ಕ್ಲ್ಯಾಂಪ್ ಡಯೋಡ್ ಒಂದನ್ನು ಹಾಕಿ. 100 ವೋಲ್ಟ್ ಆಸುಪಾಸಿಗೆ ಅದು ಬಾಯಿ ಬಿಡುತ್ತದೆ, ಮೇಲಿನದ್ದನ್ನೆಲ್ಲ ನುಂಗುತ್ತದೆ. ಜೊತೆಗೆ ಅಡ್ಡಲಾಗಿ ಒಂದು 10ಕೆ ರೆಸಿಸ್ಟರ್. ಒದೆತ ಅಲ್ಲೇ ಸತ್ತರೆ ಪ್ರೈಮರಿ ಕಡೆಗೂ ಬರುವುದಿಲ್ಲ, ಟ್ರಾನ್ಸಿಸ್ಟರ್ ಉಳಿಯುತ್ತದೆ.

ಇಷ್ಟಾದ ಮೇಲೆ ಬ್ಯಾಟರಿ ತಿನ್ನುವುದು ನೋಡಿ. ಪಲ್ಸ್ ಇರುವಾಗ ಅರ್ಧ ಆಂಪ್ ಎಳೆದರೂ ಅದು ನೂರರಲ್ಲಿ ಒಂದೂವರೆ ಪಾಲು ಹೊತ್ತು ಮಾತ್ರ. ಸರಾಸರಿ ಏಳೆಂಟು ಮಿಲಿಆಂಪ್. 555 ತಾನೇ ಅಷ್ಟು ಕುಡಿಯುತ್ತದೆ. ಚೌಕದ 9 ವೋಲ್ಟ್ ಬ್ಯಾಟರಿಗೆ ಒಮ್ಮೆಲೇ ಅರ್ಧ ಆಂಪ್ ಕೊಡುವ ತಾಕತ್ತು ಇಲ್ಲ. ಆದ್ದರಿಂದ ಟ್ರಾನ್ಸ್‌ಫಾರ್ಮರ್ ಹತ್ತಿರ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಇರಲಿ. ನನ್ನ ಕೇಳಿದರೆ ಆ ಚೌಕದ ಬ್ಯಾಟರಿಯೇ ಬೇಡ. ಆರು ಪೆನ್ಸಿಲ್ ಸೆಲ್ ಹಾಕುವ ಡಬ್ಬಿ ತಂದುಬಿಡಿ.

ಚುಚ್ಚುವ ಪ್ಯಾಡ್‌ಗೆ ಬರೋಣ. ಕೆಂಪು ಚುಕ್ಕಿ ಏಳುತ್ತದೆ ಎಂದು ಬರೆದಿದ್ದೀರಿ. ಇದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಪ್ಯಾಡ್ ತೆಗೆದ ಮೇಲೆ ಇಡೀ ಚೌಕ ತಿಳಿಗೆಂಪಾಗಿ ಸ್ವಲ್ಪ ಹೊತ್ತಿಗೆ ಮಾಯವಾದರೆ ಅದು ಮಾಮೂಲಿ. ಒಂದೇ ಪ್ಯಾಡ್ ಕೆಳಗೆ ಗುಂಡುಸೂಜಿ ತಲೆಯಂಥ ಚುಕ್ಕಿ ಎದ್ದರೆ ಡಿಸಿ ಹೋಗುತ್ತಿದೆ ಎಂದು ಮೊದಲ ಅನುಮಾನ. ಆ 1ಎನ್4007 ಯಾಕೆ ಹಾಕಿದಿರಿ? ಅಂತರ್ಜಾಲದ ಅನೇಕ ಸರ್ಕ್ಯೂಟ್‌ಗಳಲ್ಲಿ ಅದನ್ನು ಸುಮ್ನೆ ಹಾಕಿರುತ್ತಾರೆ. ಟ್ರಾನ್ಸ್‌ಫಾರ್ಮರ್‌ನಿಂದ ಬರುವ ಅಲೆಗೆ ಎರಡು ಮುಖ. ಒಂದು ಕಡೆ ಚೂಪಾಗಿ ಏರುತ್ತದೆ, ಆಮೇಲೆ ಇನ್ನೊಂದು ಕಡೆ ತಗ್ಗಾಗಿ, ಉದ್ದವಾಗಿ ಇಳಿಯುತ್ತದೆ. ಹೋದಷ್ಟು ಚಾರ್ಜ್ ವಾಪಸ್ ಬರುತ್ತದೆ, ಒಟ್ಟು ಸೊನ್ನೆ. ಡಯೋಡ್ ವಾಪಸ್ ಬರುವ ದಾರಿ ಮುಚ್ಚಿತು. ಈಗ ಕರೆಂಟ್ ಒಂದೇ ದಿಕ್ಕಿಗೆ ಹೋಗುತ್ತಲೇ ಇರುತ್ತದೆ. ಬೆವರಿನಲ್ಲಿ ಉಪ್ಪಿದೆ, ಜೆಲ್‌ನಲ್ಲೂ ಉಪ್ಪಿದೆ. ಮೈನಸ್ ಪ್ಯಾಡ್ ಕೆಳಗೆ ಕಾಸ್ಟಿಕ್ ಸೋಡಾ ಹುಟ್ಟುತ್ತದೆ, ಪ್ಲಸ್ ಕೆಳಗೆ ಆಮ್ಲ. ಚರ್ಮ ಸುಡುವುದು ಬಿಸಿಯಿಂದಲ್ಲ, ಈ ಕ್ಷಾರದಿಂದ. ವಯಸ್ಸಾದವರ ತೆಳು ಚರ್ಮಕ್ಕೆ ಅಷ್ಟು ಸಾಕು.

ಡಯೋಡ್ ಕಿತ್ತು ಹಾಕಿ. ಅದರ ಜಾಗದಲ್ಲಿ 1 ಮೈಕ್ರೋಫ್ಯಾರಡ್, 250 ವೋಲ್ಟ್‌ನ ಫಿಲ್ಮ್ ಕೆಪಾಸಿಟರ್ ಸಾಲಾಗಿ ಹಾಕಿ. ಎಲೆಕ್ಟ್ರೋಲಿಟಿಕ್ ಬೇಡ. ಡಯೋಡ್ ಮತ್ತು ಈ ಕೆಪಾಸಿಟರ್ ಎರಡನ್ನೂ ಒಟ್ಟಿಗೆ ಇಟ್ಟರೆ ಕೆಪಾಸಿಟರ್ ತುಂಬಿಕೊಂಡು ಔಟ್‌ಪುಟ್ ನಿಂತುಹೋಗುತ್ತದೆ, ಆಗ ಬೇರೆ ದೋಷ ಹುಡುಕುತ್ತ ಕೂರಬೇಡಿ.

ಆಮೇಲೂ ಒಂದು ಪ್ಯಾಡ್ ಕೊಂಚ ಚುರುಕಾಗಿಯೇ ಇರುತ್ತದೆ. ಅಲೆಯ ಎರಡು ಮುಖ ಸಮ ಇಲ್ಲವಲ್ಲ. ಚೂಪು ಮುಖ ಬರುವಾಗ ಯಾವ ಪ್ಯಾಡ್ ಮೈನಸ್ ಆಗಿರುತ್ತದೋ ಅದರ ಕೆಳಗೆ ನರ ಮೊದಲು ಏಳುತ್ತದೆ. ಇದು ದೋಷವಲ್ಲ. ದೋಷವೋ ಅಲ್ಲವೋ ತಿಳಿಯಲು ಪ್ಯಾಡ್ ಕೀಳದೆ ವೈರ್ ಮಾತ್ರ ಅದಲುಬದಲು ಮಾಡಿ, ಅದೂ ಯಂತ್ರ ಆಫ್ ಮಾಡಿ. ಚುರುಕು ವೈರ್ ಜೊತೆ ಆ ಕಡೆ ಹೋದರೆ ಅದು ಅಲೆಯ ಗುಣ. ಅಲ್ಲೇ ನಿಂತರೆ ತಪ್ಪು ಪ್ಯಾಡ್‌ನದ್ದು ಅಥವಾ ಚರ್ಮದ್ದು.

ಚರ್ಮದ್ದು ಅಂದೆ. ಮೊಣಕಾಲು ನೋವು ಇದ್ದವರ ಮನೆಯಲ್ಲಿ ಎಣ್ಣೆ ಬಾಟಲಿ ಇರಲೇಬೇಕು. ರಾತ್ರಿ ಎಣ್ಣೆ ತಿಕ್ಕಿಸಿಕೊಂಡು, ಮುಂಜಾನೆ ಅದರ ಮೇಲೆಯೇ ಪ್ಯಾಡ್ ಹಚ್ಚಿಸಿಕೊಳ್ಳುವವರು ಬಹಳ. ಎಣ್ಣೆ ಕರೆಂಟ್ ಬಿಡುವುದಿಲ್ಲ. ಎಣ್ಣೆ ಇಲ್ಲದ ಚೂರುಪಾರು ಜಾಗದಲ್ಲೇ ಎಲ್ಲ ಕರೆಂಟ್ ನುಗ್ಗಿ ಸೂಜಿ ಚುಚ್ಚಿದ ಹಾಗೆ ಆಗುತ್ತದೆ. ನೋವಿನ ಮುಲಾಮು ಹಚ್ಚಿದ್ದರೂ ಅಷ್ಟೇ. ಸೋಪು ಹಾಕಿ ತೊಳೆದು ಒರೆಸಿ ಹಚ್ಚಬೇಕು. ಇನ್ನೊಂದು ನಮ್ಮ ಬಿಸಿಲು. ಏಪ್ರಿಲ್, ಮೇ ತಿಂಗಳ ಒಣ ಗಾಳಿಗೆ ಅಂಟುವ ಜೆಲ್ ಪ್ಯಾಡ್ ಹಪ್ಪಳವಾಗುತ್ತದೆ. ಅಂಚು ಮೊದಲು ಒಣಗಿ ಏಳುತ್ತದೆ, ನಡುವೆ ಮಾತ್ರ ಅಂಟಿರುತ್ತದೆ. ಬೆರಳ ತುದಿಯಲ್ಲಿ ಒಂದು ಹನಿ ನೀರು ಸವರಿ ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಜೀವ ಬರುತ್ತದೆ. ಬಳಸಿದ ಮೇಲೆ ಅದರ ಪ್ಲಾಸ್ಟಿಕ್ ಹಾಳೆಗೇ ಅಂಟಿಸಿ ಜಿಪ್ ಚೀಲದಲ್ಲಿಡಿ. ಎರಡು ಮೂರು ಸಲ ನೀರು ಕುಡಿಸಿದ ಮೇಲೂ ಅಂಟದಿದ್ದರೆ ಬಿಸಾಡಿ. ನಾಣ್ಯ, ಅಡುಗೆ ಮನೆಯ ಫಾಯಿಲ್, ಉಪ್ಪು ನೀರಿನ ಬಟ್ಟೆ ಇವನ್ನೆಲ್ಲ ಪ್ಯಾಡ್ ಮಾಡುವ ಜಾಣತನ ಬೇಡ. 5 ಸೆಂಟಿಮೀಟರ್ ಚೌಕದ ಪ್ಯಾಡ್ ಅಂದರೆ 25 ಚದರ ಸೆಂಟಿಮೀಟರ್. ಆ ಅಗಲವೇ ಚರ್ಮಕ್ಕೆ ರಕ್ಷಣೆ.

ಮೀಟರ್ ಕುಣಿಯುವುದು ಅದರ ತಪ್ಪಲ್ಲ. ಸಾದಾ ಮಲ್ಟಿಮೀಟರ್ ಮನೆ ಕರೆಂಟ್‌ನ ಅಲೆಗೆ ಹೇಳಿ ಮಾಡಿಸಿದ್ದು. ಸರಿಪಡಿಸಿದ ಯಂತ್ರದಲ್ಲಿ 60 ವೋಲ್ಟ್ ಪಲ್ಸ್ ಇದ್ದರೂ ಎಸಿ ರೇಂಜ್‌ನಲ್ಲಿ ಅದು ಒಂದೆರಡು ವೋಲ್ಟ್ ತೋರಿಸುತ್ತದೆ. ಅದನ್ನು ನಂಬಿ, ಪವರ್ ಸಾಲದು ಎಂದು ಏರಿಸುತ್ತ ಹೋದವರು ಕೈ ಸುಟ್ಟುಕೊಳ್ಳುತ್ತಾರೆ. ನಿಮ್ಮ ಕಾಲೇಜಿನ ಲ್ಯಾಬ್‌ನಲ್ಲಿ ಸಿಆರ್‌ಓ (ಪಲ್ಸ್ ಅಲೆಯನ್ನು ಪರದೆ ಮೇಲೆ ತೋರಿಸುವ ಯಂತ್ರ) ಇದ್ದೇ ಇರುತ್ತದೆ. ಮೈಯ ಬದಲು ರೆಸಿಸ್ಟರ್ ಹಾಕಿ ಅದರಲ್ಲಿ ನೋಡಿ. ಇಂಥ ಗಿಡ್ಡ ಪಲ್ಸ್‌ಗೆ ಪ್ಯಾಡ್ ಹಚ್ಚಿದ ಮೈ ಸುಮಾರು 500 ಓಮ್‌ನಿಂದ 1ಕೆ ಥರ ವರ್ತಿಸುತ್ತದೆ. 910 ಓಮ್ ಮತ್ತು 100 ಓಮ್ ಸಾಲಾಗಿ ಕೂಡಿಸಿ ಔಟ್‌ಪುಟ್‌ಗೆ ಹಾಕಿ, 100 ಓಮ್ ಮೇಲೆ ಪ್ರೋಬ್ ಇಡಿ. ಅಲ್ಲಿ 1 ವೋಲ್ಟ್ ಅಂದರೆ 10 ಮಿಲಿಆಂಪ್. ಪೂರ್ತಿ ತಿರುಗಿಸಿದಾಗ 4 ವೋಲ್ಟ್ ಆಸುಪಾಸು ಬಂದರೆ ಸಂತೋಷ. 5 ವೋಲ್ಟ್ ದಾಟಿದರೆ ಔಟ್‌ಪುಟ್‌ಗೆ ಸಾಲಾಗಿ ಇನ್ನೊಂದಿಷ್ಟು ಓಮ್ ಸೇರಿಸಿ ತಗ್ಗಿಸಿ. ಪಲ್ಸ್ ಅಗಲ, ಕೆಳಮುಖದ ಬಾಲ, ಎರಡೂ ಅಲ್ಲೇ ಕಾಣುತ್ತವೆ. ಕೆಳಮುಖ ಕಾಣದಿದ್ದರೆ ಎಲ್ಲೋ ಡಯೋಡ್ ಉಳಿದಿದೆ ಎಂದೇ ಲೆಕ್ಕ. ಸಿಆರ್‌ಓದ ಗ್ರೌಂಡ್ ಕ್ಲಿಪ್ ಮನೆಯ ಅರ್ಥ್‌ಗೆ ಕೂಡಿರುತ್ತದೆ. ಆದ್ದರಿಂದ ಪ್ಯಾಡ್ ಮೈಮೇಲೆ ಇರುವಾಗ ಪ್ರೋಬ್ ಹಚ್ಚಲೇಬೇಡಿ.

ಒಂದು ಅಂದಾಜಿಗೆ ಹೇಳುತ್ತೇನೆ. ಇಂಥ ಯಂತ್ರಗಳಿಗೆ ಅಂತರರಾಷ್ಟ್ರೀಯ ಮಾನದಂಡ ಐಇಸಿ 60601-2-10. 500 ಓಮ್ ಲೋಡ್‌ನಲ್ಲಿ ಒಂದು ಪಲ್ಸ್‌ಗೆ 300 ಮಿಲಿಜೌಲ್ ಮೀರಬಾರದು, ಲೋಡ್ ಇಲ್ಲದಾಗ ಪೀಕ್ 500 ವೋಲ್ಟ್ ಮೀರಬಾರದು ಎನ್ನುತ್ತದೆ. ಸರಿಪಡಿಸಿದ ನಿಮ್ಮ ಯಂತ್ರದ ಪಲ್ಸ್ ಒಂದು ಮಿಲಿಜೌಲ್‌ಗಿಂತಲೂ ಕಡಿಮೆ. ಹಾಗಾಗಿ ತಾಕತ್ತಿನ ಲೆಕ್ಕದಲ್ಲಿ ಭಯವಿಲ್ಲ. ಭಯ ಇರುವುದು ಯಾವುದು ಕೆಟ್ಟಾಗ ಏನಾಗುತ್ತದೆ ಎಂಬಲ್ಲಿ ಮಾತ್ರ.

ಅದರಲ್ಲೂ ವಾಲ್ಯೂಮ್. ನೀವು ಪಾಟ್ (ತಿರುಗಿಸಿ ಏರಿಳಿಸುವ ರೆಸಿಸ್ಟರ್) ಎಲ್ಲಿ ಹಾಕಿದ್ದೀರಿ ಎಂದು ಬರೆದಿಲ್ಲ. ಹಳೆ ರೇಡಿಯೋ ವಾಲ್ಯೂಮ್ ತಿರುಗಿಸಿದರೆ ಕರಕರ ಅನ್ನುತ್ತದಲ್ಲ, ಒಳಗಿನ ಮುಳ್ಳು ಸವೆದು ಆಗಾಗ ಪಟ್ಟಿ ಬಿಡುತ್ತದೆ. ರೇಡಿಯೋದಲ್ಲಿ ಕರಕರ, ಮೊಣಕಾಲಲ್ಲಿ ಅದೇ ಧಡಕ್ ಎಂದು ಹೊಡೆಯುತ್ತದೆ. ಔಟ್‌ಪುಟ್‌ಗೆ ಅಡ್ಡಲಾಗಿ 5ಕೆ ಪಾಟ್ ಹಾಕಿ, ಮುಳ್ಳಿನಿಂದ ಪ್ಯಾಡ್‌ಗೆ ತೆಗೆದುಕೊಳ್ಳಿ. ಮುಳ್ಳು ಬಿಟ್ಟರೆ ಔಟ್‌ಪುಟ್ ಸೊನ್ನೆ. ಆಗ ಆ 10ಕೆ ಬೇಕಾಗಿಲ್ಲ. ಕಟ್ ಎಂದು ಆಫ್ ಆಗುವ ಸ್ವಿಚ್ ಇರುವ ಪಾಟ್ ಸಿಕ್ಕರೆ ಇನ್ನೂ ಒಳ್ಳೆಯದು. ಅದನ್ನು ಸೊನ್ನೆಗೆ ತರದೆ ಆನ್ ಮಾಡಲು ಬರುವುದೇ ಇಲ್ಲ.

ಟ್ರಾನ್ಸ್‌ಫಾರ್ಮರ್‌ನ 230 ಕಡೆಯ ವೈರ್‌ಗೆ ಎರಡು ಪಿನ್ನಿನ ಪ್ಲಗ್ ಇನ್ನೂ ಇದ್ದರೆ ಕತ್ತರಿಸಿ ಎಸೆಯಿರಿ. ಮನೆಯಲ್ಲಿ ಯಾರೋ ಅದನ್ನು ಚಾರ್ಜರ್ ಅಂದುಕೊಂಡು ಸಾಕೆಟ್‌ಗೆ ಚುಚ್ಚುತ್ತಾರೆ. ಪ್ಯಾಡ್ ಕಡೆಯ ವೈರ್ ತುದಿಯಲ್ಲೂ ಬೋಳು ಪಿನ್ ಹೊರಗೆ ಕಾಣಬಾರದು. ಆಸ್ಪತ್ರೆಯಲ್ಲಿ ಮೈಗೆ ಹಚ್ಚುವ ಇಂಥ ಪಿನ್ನುಗಳನ್ನು ಗೋಡೆಯ ಸಾಕೆಟ್‌ಗೆ ತೂರಿಸಿ ಮಕ್ಕಳು ಸತ್ತದ್ದುಂಟು. 1997ರಲ್ಲಿ ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಬೋಳು ಪಿನ್ನಿನ ಲೀಡ್‌ಗಳ ವಿರುದ್ಧ ನಿಯಮವನ್ನೇ ತಂದಿತು.

ಇನ್ನು ಆಯಿಗೆ ಹಚ್ಚಬಹುದಾ ಎಂಬ ಪ್ರಶ್ನೆ. ಇಷ್ಟೆಲ್ಲ ಸರಿಪಡಿಸಿ, ಸಿಆರ್‌ಓದಲ್ಲಿ ನೋಡಿ, ನಿಮ್ಮ ಮುಂಗೈ ಮೇಲೆ ಎರಡೂ ಪ್ಯಾಡ್ ಹತ್ತಿರ ಹತ್ತಿರ ಇಟ್ಟು ಪರೀಕ್ಷೆ ಮಾಡುವುದಾದರೆ ನನ್ನ ಅಡ್ಡಿಯಿಲ್ಲ. ಒಂದು ಪ್ಯಾಡ್ ಬಲಗೈಗೆ, ಒಂದು ಎಡಗೈಗೆ ಯಾವತ್ತೂ ಬೇಡ, ದಾರಿ ಎದೆಯ ಮೂಲಕ ಹೋಗುತ್ತದೆ. ಆದರೆ ಆಯಿಗೆ ಮಾರುಕಟ್ಟೆಯ ಯಂತ್ರವನ್ನೇ ಕೊಂಡು ಕೊಡಿ. ನಿಮ್ಮ ಕೈ ಮೇಲೆ ಅನುಮಾನವಿಲ್ಲ. ನಿಮಗೆ ಚುಚ್ಚಿದರೆ ನೀವು ಪಟ್ಟನೆ ಕಿತ್ತು ಹಾಕುತ್ತೀರಿ. ಆಯಿ "ಇರಲಿ ಬಿಡು, ಮೊಮ್ಮಗ ಮಾಡ್ಯಾನ" ಎಂದು ಸುಮ್ಮನೆ ತಡೆದುಕೊಳ್ಳುತ್ತಾರೆ. ಅವರಿಗೆ ಶುಗರ್ ಇದ್ದರೆ ಇನ್ನೂ ಕಷ್ಟ. ಕಾಲಿನ ಸ್ಪರ್ಶ ಮಂದವಾಗಿದ್ದರೆ ಚರ್ಮ ಸುಡುತ್ತಿದ್ದರೂ ತಿಳಿಯಲ್ಲ. ಕಣ್ಣು ಮುಚ್ಚಿಸಿ, ಮೊಣಕಾಲ ಸುತ್ತ ಹತ್ತಿ ಸವರಿ, ಕಡ್ಡಿಯ ಚೂಪು ತುದಿ ಮುಟ್ಟಿಸಿ ಕೇಳಿ ನೋಡಿ. ವ್ಯತ್ಯಾಸ ಹೇಳದಿದ್ದರೆ ಯಾವ ಯಂತ್ರವೂ ಬೇಡ. ಪೇಸ್‌ಮೇಕರ್ ಇದ್ದವರಿಗೆ, ಫಿಟ್ಸ್ ಬರುವವರಿಗೆ ಡಾಕ್ಟರ್ ಹೇಳದೆ ಹಚ್ಚಬಾರದು. ಕುತ್ತಿಗೆಯ ಮುಂಭಾಗ, ತಲೆ, ಎದೆ, ಗಾಯ ಇರುವ ಚರ್ಮ, ಬಸುರಿಯ ಹೊಟ್ಟೆ, ಇವೆಲ್ಲ ಯಾರಿಗೂ ಬೇಡ.

ಮತ್ತೆ, ಟೆನ್ಸ್ ಮೇಲೆ ಬಹಳ ಆಸೆ ಇಡಬೇಡಿ. ಹಚ್ಚಿರುವ ತನಕ, ಆಮೇಲೆ ಸ್ವಲ್ಪ ಹೊತ್ತು ಆರಾಮ ಅನಿಸುತ್ತದೆ, ಸವೆದ ಕೀಲು ಅದರಿಂದ ಸರಿಹೋಗುವುದಿಲ್ಲ. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಕೊಡುವ ನೈಸ್ ಸಂಸ್ಥೆ 2022ರಲ್ಲಿ ಕೀಲುಸವೆತಕ್ಕೆ ಟೆನ್ಸ್ ಕೊಡಬೇಡಿ, ಲಾಭಕ್ಕೆ ಸಾಕಷ್ಟು ಪುರಾವೆ ಇಲ್ಲ ಎಂದೇ ಹೇಳಿತು. ಅದೇ ಸಂಸ್ಥೆ ವ್ಯಾಯಾಮವನ್ನು ಮುಂದಿಡುತ್ತದೆ. ಕುರ್ಚಿಯಲ್ಲಿ ಕೂತು ಕಾಲು ನೇರ ಚಾಚಿ, ಹತ್ತು ಎಣಿಸುವ ತನಕ ತಡೆದು ಇಳಿಸುವುದು ತೊಡೆಯ ಮುಂಭಾಗವನ್ನು ಗಟ್ಟಿ ಮಾಡುತ್ತದೆ. ತೊಗರಿ ರಾಶಿ ಹೊತ್ತಿನಲ್ಲಿ ದಿನವಿಡೀ ಕುಕ್ಕರಗಾಲಲ್ಲಿ ಕೂತವರ ಮೊಣಕಾಲಿಗೆ ಇದು ಯಾವ ಪ್ಯಾಡ್‌ಗಿಂತಲೂ ಜಾಸ್ತಿ ಕೆಲಸಕ್ಕೆ ಬರುತ್ತದೆ. ಎಷ್ಟು ಸಲ ಮಾಡಬೇಕು ಎಂದು ನಿಮ್ಮ ಫಿಸಿಯೋಥೆರಪಿಸ್ಟ್ ಹೇಳುತ್ತಾರೆ.

ಊರಿನವರಿಗೆ ಮಾಡಿ ಕೊಡುವುದು ಬೇಡ. ನಮ್ಮಲ್ಲಿ ವೈದ್ಯಕೀಯ ಸಾಧನಗಳ ನಿಯಮ 2017ರಲ್ಲೇ ಬಂದಿದೆ. 2020ರ ಏಪ್ರಿಲ್ 1ರಿಂದ ಇಂಥ ಎಲ್ಲ ಸಾಧನಗಳೂ ಔಷಧದ ಕಾಯ್ದೆಯ ಅಡಿಗೆ ಬಂದಿವೆ. ಪರವಾನಗಿ ಇಲ್ಲದೆ ಮಾಡಿ ಮಾರುವಂತಿಲ್ಲ. ಅವರಿಗೆ ಬೇರೆ ಉಪಕಾರ ಮಾಡಬಹುದು. ಕೊಂಡ ಟೆನ್ಸ್ ಯಂತ್ರ ಕೆಟ್ಟಿತು ಎಂದು ನನ್ನ ಹತ್ತಿರ ತರುತ್ತಾರಲ್ಲ, ಅವುಗಳಲ್ಲಿ ಹೆಚ್ಚಿನವು ಕೆಟ್ಟೇ ಇರುವುದಿಲ್ಲ. ಲೀಡ್ ವೈರ್ ಪಿನ್ ಹತ್ತಿರ ಒಳಗೇ ತುಂಡಾಗಿರುತ್ತದೆ. ಮೀಟರ್ ಬೀಪ್‌ಗೆ ಹಾಕಿ ವೈರ್ ಅಲ್ಲಾಡಿಸಿದರೆ ಬೀಪ್ ಬಿಟ್ಟು ಬಿಟ್ಟು ಬರುತ್ತದೆ. ಬಿಚ್ಚಿದರೆ ಒಳಗೆ ನೂಲಿಗೆ ತಾಮ್ರದ ತೆಳು ಪಟ್ಟಿ ಸುತ್ತಿದ ಟಿನ್ಸೆಲ್ ತಂತಿ ಇರುತ್ತದೆ. ಬೆಸುಗೆ ಹಿಡಿಯಲ್ಲ, ಶಾಖಕ್ಕೆ ನೂಲು ಸುಟ್ಟು ತಂತಿ ಪುಡಿಯಾಗುತ್ತದೆ. ಸಣ್ಣ ತಾಮ್ರದ ಕೊಳವೆ ತೂರಿಸಿ ಇಕ್ಕಳದಲ್ಲಿ ಒತ್ತಿ, ಮೇಲೆ ಹೀಟ್ ಶ್ರಿಂಕ್ ಸ್ಲೀವ್ ಹಾಕಿ. ಎರಡು ಸಲ ಒತ್ತುವಷ್ಟು ಉದ್ದ ಬಿಟ್ಟುಕೊಳ್ಳಿ, ಮೊದಲ ಸಲ ಸರಿಯಾಗಿ ಕೂರುವುದು ಕಡಿಮೆ.